ಗೋಡೆ ದಾಟಿದ ಅಲೆ: ಜಗದೀಶ್ ಚಂದ್ರ ಬೋಸ್ ಮತ್ತು ನಮ್ಮನೆ ನೆಟ್‌ವರ್ಕ್

ನಾವು ಮೂರು ಜನ. ಒಬ್ಬರ ಮನೆ ಸಾಗರ ತಾಲ್ಲೂಕು, ಒಬ್ಬರದು ಹೊಸನಗರ, ಇನ್ನೊಬ್ಬರದು ತೀರ್ಥಹಳ್ಳಿ. ಬ್ರಾಂಚ್ ಬೇರೆ ಬೇರೆ, ಹಾಸ್ಟೆಲ್ ಒಂದೇ. ಸೆಮಿಸ್ಟರ್ ರಜೆಗೆ ಊರಿಗೆ ಹೋದರೆ ಮೂವರ ಕಥೆಯೂ ಒಂದೇ. ಪೇಟೆಯಲ್ಲಿ ಬಸ್ ಇಳಿಯುವ ತನಕ ಫೋನ್ ಫೋನಾಗಿರುತ್ತೆ, ಮನೆ ಕಡೆ ತಿರುವು ಬಂದ ಮೇಲೆ ಅದು ಬರೀ ಕ್ಯಾಮೆರಾ ಮತ್ತು ಟಾರ್ಚು. ಕಾಲ್ ಮಾಡಬೇಕು ಅಂದ್ರೆ ಗುಡ್ಡದ ಮೇಲಿನ ಒಂದು ಬಂಡೆ ಇದೆ, ಅಲ್ಲಿಗೆ ಹೋಗಬೇಕು. ಲಾಕ್‌ಡೌನ್‌ನಲ್ಲಿ ನಾವು ಹೈಸ್ಕೂಲ್ ಪಾಠ ಕೇಳಿದ್ದು ಇಂಥ ಬಂಡೆಗಳ ಮೇಲೆ ಕೊಡೆ ಹಿಡಿದುಕೊಂಡು.

ಹೋದ ವರ್ಷ ಆಷಾಢದಲ್ಲಿ ನಮ್ಮಲ್ಲೊಬ್ಬರ ಅಜ್ಜನಿಗೆ ರಾತ್ರಿ ಎದೆನೋವು ಬಂತು. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಟವರ್ ಬ್ಯಾಟರಿಯೂ ಮುಗಿದಿತ್ತು. ಪಕ್ಕದ ಮನೆಯ ಜೀಪಿಗೆ ಹೇಳೋಕೆ ಮಳೆಯಲ್ಲಿ ಅರ್ಧ ಮೈಲಿ ಓಡಬೇಕಾಯ್ತು. ಅಜ್ಜ ಉಳಿದರು. ಆದರೆ ಆವತ್ತಿನಿಂದ ನಮಗೆ ನೆಟ್‌ವರ್ಕ್ ಅನ್ನೋದು ರೀಲ್ಸ್ ನೋಡೋ ವಿಷಯವಾಗಿ ಉಳಿಯಲಿಲ್ಲ. ಇಂಜಿನಿಯರಿಂಗ್ ಓದುತ್ತಾ ಇದ್ದೀವಿ, ಎರಡನೇ ವರ್ಷಕ್ಕೆ ಬಂದಿದ್ದೀವಿ, ಮನೆಯೊಳಗೆ ಒಂದು ಕಾಲ್ ಬರೋ ಹಾಗೆ ಮಾಡೋಕೆ ಆಗಲ್ವಾ ಅಂತ ಶುರು ಮಾಡಿದೆವು. ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದವರು ಜಗದೀಶ್ ಚಂದ್ರ ಬೋಸ್.

ಸ್ಕೂಲಿನಲ್ಲಿ ಅವರ ಬಗ್ಗೆ ಓದಿದ್ದು ಒಂದೇ ಸಾಲು: ಗಿಡಗಳಿಗೂ ಜೀವ ಇದೆ ಅಂತ ತೋರಿಸಿದವರು. ಆದರೆ ಗಿಡಕ್ಕೂ ಮೊದಲು ಆ ಮನುಷ್ಯ ಮಾಡಿದ ಕೆಲಸ ನಮ್ಮ ಜೇಬಿನಲ್ಲಿರುವ ಫೋನಿಗೆ ಸಂಬಂಧಪಟ್ಟದ್ದು. ಅದಕ್ಕೇ ಈ ಸಲ ಅವರ ಜೀವನ ಬರೆಯುತ್ತಿದ್ದೇವೆ. ನಡುನಡುವೆ ನಮ್ಮ ಮನೆಗಳೂ ಬರುತ್ತವೆ. ನಾವು ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಂಗಾಳಿ ಶಾಲೆಗೆ ಹೋದ ಅಧಿಕಾರಿಯ ಮಗ

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗಿನ ಬಾಂಗ್ಲಾದೇಶದ ಮೈಮೆನ್‌ಸಿಂಗ್‌ನಲ್ಲಿ. ಅಪ್ಪ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಅಧಿಕಾರಿ, ಬ್ರಹ್ಮ ಸಮಾಜಕ್ಕೆ ಸೇರಿದವರು. ಆ ಕಾಲದಲ್ಲಿ ಅಂಥ ಹುದ್ದೆಯಲ್ಲಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸೋದು ಪ್ರತಿಷ್ಠೆಯ ವಿಷಯ. ಭಗವಾನ್ ಚಂದ್ರರು ಮಾತ್ರ ಮಗನನ್ನು ಬಂಗಾಳಿ ಶಾಲೆಗೆ ಕಳಿಸಿದರು. ಇಂಗ್ಲಿಷ್ ಕಲಿಯೋದಕ್ಕೆ ಮೊದಲು ತನ್ನ ಭಾಷೆ, ತನ್ನ ಜನ ಗೊತ್ತಿರಬೇಕು ಅನ್ನೋದು ಅವರ ನಂಬಿಕೆ. ಶಾಲೆಯಲ್ಲಿ ಹುಡುಗನ ಒಂದು ಪಕ್ಕ ಕೂತಿದ್ದವನು ಅಪ್ಪನ ಆಫೀಸಿನ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕ ಮೀನುಗಾರನ ಮಗ. ಅವರ ಬಾಯಲ್ಲಿ ಕೇಳಿದ ಹಕ್ಕಿ, ಪ್ರಾಣಿ, ನೀರಿನ ಜೀವಿಗಳ ಕಥೆಗಳೇ ಪ್ರಕೃತಿಯ ಬಗ್ಗೆ ತನಗೆ ಕುತೂಹಲ ಹುಟ್ಟಿಸಿದವು ಅಂತ ಬೋಸ್ ದೊಡ್ಡವರಾದ ಮೇಲೂ ನೆನೆಸಿಕೊಳ್ಳುತ್ತಿದ್ದರು.

1869ರಲ್ಲಿ ಕಲ್ಕತ್ತಕ್ಕೆ ಬಂದರು. ಮೊದಲು ಹೇರ್ ಸ್ಕೂಲ್, ಆಮೇಲೆ ಸೇಂಟ್ ಝೇವಿಯರ್ಸ್. ಅಲ್ಲಿ ಫಾದರ್ ಲಾಫಾಂಟ್ ಅನ್ನುವ ಪಾದ್ರಿ ಭೌತಶಾಸ್ತ್ರವನ್ನು ಬೋರ್ಡಿನ ಮೇಲಲ್ಲದೆ ಪ್ರಯೋಗ ಮಾಡಿ ತೋರಿಸುತ್ತಿದ್ದರು. ಪ್ರಯೋಗದ ರುಚಿ ಹತ್ತಿದ್ದು ಅಲ್ಲೇ. 1880ರಲ್ಲಿ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಆದರೆ ಊರಿನಿಂದಲೇ ಅಂಟಿಕೊಂಡು ಬಂದಿದ್ದ ಜ್ವರ ಬಿಡಲಿಲ್ಲ. ಹೆಣ ಕೊಯ್ಯುವ ಕೋಣೆಯ ವಾಸನೆಗೆ ಕಾಯಿಲೆ ಇನ್ನೂ ಹೆಚ್ಚಾಯಿತು. ಡಾಕ್ಟರ್ ಆಗೋ ಆಸೆ ಬಿಟ್ಟು ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜಿಗೆ ಸೇರಿ ವಿಜ್ಞಾನ ಓದಿದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಲಾರ್ಡ್ ರೇಲೀ ಒಬ್ಬರು. ಬ್ರಾಂಚ್ ಬದಲಾಯಿಸಿಕೊಂಡು ಬೇಜಾರಲ್ಲಿರೋ ಫ್ರೆಂಡ್ಸ್ ಇದನ್ನು ಗಮನಿಸಬಹುದು.

ಮೂರು ವರ್ಷ ಸಂಬಳ ಮುಟ್ಟದ ಮೇಷ್ಟ್ರು

1885ರಲ್ಲಿ ವಾಪಸು ಬಂದು ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಲ್ಲಿ ಒಂದು ನಿಯಮ ಇತ್ತು. ಅದೇ ಕೆಲಸಕ್ಕೆ ಯುರೋಪಿಯನ್ನರಿಗೆ ಸಿಗುವ ಸಂಬಳದ ಮೂರನೇ ಎರಡು ಭಾಗ ಮಾತ್ರ ಭಾರತೀಯರಿಗೆ. ಬೋಸ್ ಹಂಗಾಮಿ ಆಗಿದ್ದರಿಂದ ಅದರಲ್ಲೂ ಅರ್ಧ. ಬೋಸ್ ಜಗಳ ಆಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಒಂದು ದಿನವೂ ತಪ್ಪಿಸದೆ ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಮನೆಯಲ್ಲಿ ಅಪ್ಪನ ಸಾಲ ಬೆಟ್ಟದಷ್ಟಿತ್ತು. ನಡುವೆ 1887ರಲ್ಲಿ ಅಬಲಾ ಅವರ ಜೊತೆ ಮದುವೆಯೂ ಆಯಿತು. ಅಬಲಾ ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದವರು, ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದವರು. ಇಬ್ಬರೂ ಕಷ್ಟದಲ್ಲೇ ಸಂಸಾರ ತೂಗಿಸಿದರು. ಕೊನೆಗೆ ಕಾಲೇಜೇ ಸೋತು, ಪೂರ್ತಿ ಸಂಬಳವನ್ನು ಹಿಂದಿನ ಬಾಕಿ ಸಮೇತ ಕೊಟ್ಟಿತು. ಆ ದುಡ್ಡು ಹೋಗಿದ್ದು ಅಪ್ಪನ ಸಾಲ ತೀರಿಸೋಕೆ.

ಕಾಲೇಜಿನಲ್ಲಿ ಸಂಶೋಧನೆಗೆ ಅಂತ ಲ್ಯಾಬ್ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಬಾತ್‌ರೂಮಿನ ಪಕ್ಕದ ಒಂದು ಪುಟ್ಟ ಕೋಣೆ. ನಮ್ಮ ಕಡೆ ಲೆಕ್ಕದಲ್ಲಿ ಬಚ್ಚಲು ಮನೆ ಪಕ್ಕ ಕಟ್ಟಿಗೆ ಒಟ್ಟುವ ಜಾಗ ಅನ್ನಿ. ಉಪಕರಣ ಮಾಡಿಕೊಡಲು ಸಿಕ್ಕವನು ಒಬ್ಬ ತಗಡು ಕೆಲಸದವನು, ವಿಜ್ಞಾನ ಓದಿದವನಲ್ಲ. ಖರ್ಚು ಸ್ವಂತ ಜೇಬಿನದು. ಪಾಠದ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಪ್ರಯೋಗ. 1894ರ ಹೊತ್ತಿಗೆ, ಮೂವತ್ತಾರರ ವಯಸ್ಸಿನಲ್ಲಿ, ಅವರು ನಿಜವಾಗಿ ಸಂಶೋಧನೆಗೆ ಇಳಿದರು.

ಪುಟ್ಟ ಕೋಣೆ, ಪುಟ್ಟ ಅಲೆ

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ವಿದ್ಯುತ್ಕಾಂತೀಯ ಅಲೆಗಳು ಇರಬೇಕು ಅಂತ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಲೆಕ್ಕ ಹಾಕಿ ಹೇಳಿದ್ದರು. 1887-88ರಲ್ಲಿ ಜರ್ಮನಿಯ ಹರ್ಟ್ಸ್ ಅವುಗಳನ್ನು ಲ್ಯಾಬಿನಲ್ಲಿ ಹುಟ್ಟಿಸಿ ತೋರಿಸಿದರು. ಹರ್ಟ್ಸ್ 1894ರ ಜನವರಿ 1ರಂದು ಮೂವತ್ತಾರನೇ ವಯಸ್ಸಿನಲ್ಲೇ ತೀರಿಕೊಂಡರು. ಅವರ ಕೆಲಸದ ಬಗ್ಗೆ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಮಾಡಿದ ಉಪನ್ಯಾಸ ಅಚ್ಚಾಗಿ ಕಲ್ಕತ್ತ ತಲುಪಿತು. ಅದನ್ನು ಓದಿದ ಬೋಸ್ ಅಲ್ಲಿಂದ ಮುಂದಕ್ಕೆ ಯೋಚಿಸಿದರು.

ಹರ್ಟ್ಸ್ ಬಳಸಿದ ಅಲೆಗಳು ಉದ್ದ. ಕನ್ನಡಿ ಇಟ್ಟು ಪ್ರಯೋಗ ಮಾಡಿದಾಗಲೂ ಅಲೆಯ ಉದ್ದ 66 ಸೆಂಟಿಮೀಟರ್ ಇತ್ತು. ಅಲೆ ಉದ್ದವಾದಷ್ಟೂ ಅದನ್ನು ತಿರುಗಿಸುವ ಕನ್ನಡಿ, ಬಾಗಿಸುವ ಪ್ರಿಸಂ ಎಲ್ಲ ದೊಡ್ಡದಾಗಬೇಕು. ಬೋಸ್ ಹತ್ತಿರ ಇದ್ದದ್ದು ಚಿಕ್ಕ ಕೋಣೆ. ಅಲೆಯನ್ನೇ ಚಿಕ್ಕದು ಮಾಡಿದರೆ ಉಪಕರಣ ಎಲ್ಲಾ ಒಂದು ಮೇಜಿನ ಮೇಲೆ ಕೂರುತ್ತೆ ಅಲ್ವಾ? ಅವರು ಹುಟ್ಟಿಸಿದ ಅಲೆಗಳ ಉದ್ದ ಸುಮಾರು 5 ಮಿಲಿಮೀಟರಿನಿಂದ 25 ಮಿಲಿಮೀಟರ್. ಇವತ್ತಿನ ಭಾಷೆಯಲ್ಲಿ ಹೇಳಿದರೆ 12ರಿಂದ 60 ಗಿಗಾಹರ್ಟ್ಸ್. 2022ರಲ್ಲಿ ನಮ್ಮ ದೇಶದಲ್ಲಿ 5ಜಿಗೆ ಹರಾಜು ಹಾಕಿದ ಬ್ಯಾಂಡ್‌ಗಳಲ್ಲಿ 26 ಗಿಗಾಹರ್ಟ್ಸ್ ಕೂಡ ಒಂದು. ಅದರ ಅಲೆ ಹನ್ನೊಂದೂವರೆ ಮಿಲಿಮೀಟರ್. ಅಂದ್ರೆ 125 ವರ್ಷಕ್ಕೂ ಮೊದಲೇ ಬೋಸ್ ಆ ಬಚ್ಚಲು ಪಕ್ಕದ ಕೋಣೆಯಲ್ಲಿ ಅದೇ ಅಳತೆಯ ಅಲೆಗಳನ್ನು ಆಡಿಸುತ್ತಿದ್ದರು.

1895ರ ಸುಮಾರಿಗೆ ಅವರು ಕಲ್ಕತ್ತದ ಟೌನ್ ಹಾಲಿನಲ್ಲಿ ಸಾರ್ವಜನಿಕರ ಎದುರೇ ಒಂದು ಪ್ರಯೋಗ ತೋರಿಸಿದರು. ಒಂದು ಕಡೆ ಕಿಡಿ ಹಾರಿಸಿ ಅಲೆ ಹುಟ್ಟಿಸೋದು, ಸುಮಾರು 75 ಅಡಿ ದೂರದಲ್ಲಿ ಅದನ್ನು ಹಿಡಿಯೋದು. ಮಧ್ಯೆ ಗೋಡೆಗಳು. ಸಭೆಯಲ್ಲಿದ್ದ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಅವರ ಮೈಯೂ ಅಡ್ಡ. ಆದರೂ ಆ ಕಡೆ ಗಂಟೆ ಹೊಡೆಯಿತು, ಮದ್ದಿನ ಪುಡಿಗೆ ಬೆಂಕಿ ಹತ್ತಿತು. ತಂತಿ ಇಲ್ಲ, ಏನೂ ಇಲ್ಲ. ಆ ಕಾಲದ ಜನಕ್ಕೆ ಹೇಗಾಗಿರಬೇಡ!

ನಮಗೆ ಇದಕ್ಕಿಂತ ಇಷ್ಟವಾದದ್ದು ಅವರು ಬಳಸಿದ ಸಾಮಾನು. ಅಲೆಯ ಕಂಪನ ಯಾವ ದಿಕ್ಕಿನಲ್ಲಿದೆ ಅಂತ ತಿಳಿಯಲು ಪೋಲರೈಸರ್ ಬೇಕು. ಬೋಸ್ ಒಂದು ದಪ್ಪ ಪುಸ್ತಕ ತಗೊಂಡು, ಅದರ ಹಾಳೆಗಳ ನಡುವೆ ತವರದ ತೆಳು ಹಾಳೆ ಸೇರಿಸಿದರು. ಅದೇ ಪೋಲರೈಸರ್ ಆಯ್ತು. ಸೆಣಬನ್ನು ಹುರಿ ಮಾಡಿ ಇಟ್ಟು, ಅಲೆಯ ದಿಕ್ಕು ತಿರುಗುತ್ತೆ ಅಂತ ತೋರಿಸಿದರು. ಅಲೆ ಹಿಡಿಯೋಕೆ ಆಲಿಕೆಯ ಆಕಾರದ ಬಾಯಿ ಮಾಡಿದರು. ಅದನ್ನೇ ಇವತ್ತು ನಾವು ಹಾರ್ನ್ ಆಂಟೆನಾ ಅಂತ ಓದೋದು. ಲೋಹದ ಪುಡಿ ತುಂಬಿದ ಹಳೇ ಡಿಟೆಕ್ಟರನ್ನು ಒಂದೊಂದು ಸಲಕ್ಕೂ ತಟ್ಟಿ ಎಬ್ಬಿಸಬೇಕಿತ್ತು. ಅದರ ಬದಲು ಸಣ್ಣ ಸ್ಪ್ರಿಂಗುಗಳನ್ನು ಪಕ್ಕಪಕ್ಕ ಜೋಡಿಸಿ, ಒತ್ತಡ ಹೆಚ್ಚು ಕಡಿಮೆ ಮಾಡುವ ಡಿಟೆಕ್ಟರ್ ಕಟ್ಟಿದರು.

ಇದನ್ನು ಓದಿದ ಮೇಲೆ ನಾವು ಮೂವರೂ ಒಂದು ತೀರ್ಮಾನಕ್ಕೆ ಬಂದೆವು. ಮೊದಲು ಅಳೆಯೋದು, ಆಮೇಲೆ ಅಂಗಡಿಗೆ ಹೋಗೋದು.

ಹೊಸನಗರದ ಮನೆಯಲ್ಲಿ ಬೋಸ್ ಪ್ರಯೋಗ

ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಡಿಬಿಎಂನಲ್ಲಿ ಒಂದು ಮೈನಸ್ ಸಂಖ್ಯೆ ಸಿಗುತ್ತೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು. 3 ಡೆಸಿಬಲ್ ಏರಿದರೆ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು.

ಹೊಸನಗರದ ನಮ್ಮ ಮನೆ ಹಳೇದು. ದಪ್ಪ ಜಂಬಿಟ್ಟಿಗೆ ಗೋಡೆ, ಚಿಕ್ಕ ಕಿಟಕಿ, ಹಿಂದುಗಡೆ ಧರೆ, ಮುಂದುಗಡೆ ಅಡಿಕೆ ತೋಟ. ನಡುಮನೆಯಲ್ಲಿ ಮೈನಸ್ 119. ಜಗಲಿಯಲ್ಲಿ 112. ಅಂಗಳದಲ್ಲಿ 110. ಅಟ್ಟದ ಕಿಟಕಿ ಹತ್ತಿರ, ಟವರ್ ಇರುವ ಗುಡ್ಡದ ಕಡೆ ಮುಖ ಮಾಡಿದರೆ 103. ಬರೀ ಮೆಟ್ಟಿಲು ಹತ್ತಿದ್ದಕ್ಕೆ 16 ಡೆಸಿಬಲ್, ಅಂದ್ರೆ ನಲವತ್ತು ಪಟ್ಟು! ಮಳೆ ಬಂದ ದಿನ ಇನ್ನೊಂದು ಸಲ ಅಳೆದೆವು, ಎಲ್ಲಾ ಕಡೆ ಸ್ವಲ್ಪ ಇಳಿದಿತ್ತು. ಮೊಬೈಲ್ ಅಲೆಗೆ ಬೀಳೋ ಮಳೆಗಿಂತ ತೊಂದರೆ ಜಾಸ್ತಿ ಕೊಡೋದು ನೆನೆದ ಹೆಂಚು, ನೆನೆದ ಗೋಡೆ, ನೀರು ತುಂಬಿಕೊಂಡ ಎಲೆಗಳು. ನೀರು ಅಲೆಯನ್ನು ಕುಡಿಯುತ್ತೆ. ತಗಡಿನ ಶೀಟ್ ಕುಡಿಯಲ್ಲ, ವಾಪಸು ಎಸೆಯುತ್ತೆ. ಹಾಗಾಗಿ ಶೀಟ್ ಹೊದಿಸಿದ ಮನೆಯಲ್ಲಿ ಸಿಗ್ನಲ್ ಬರೋದು ಕಿಟಕಿ ಬಾಗಿಲಿಂದಲೇ.

ಆಮೇಲೆ ಸಿಮ್ ಹಾಕುವ 4ಜಿ ರೂಟರ್ ತಂದೆವು, ಹೊರಗಿನ ಆಂಟೆನಾಗೆ ಕಿಂಡಿ ಇರುವಂಥದ್ದು. ಟವರ್ ಕಡೆ ಮುಖ ಮಾಡುವ ಆಂಟೆನಾವನ್ನು ಹಳೇ ದೋಟಿಗೆ ಕಟ್ಟಿ ಹೆಂಚಿನ ಮೇಲಕ್ಕೆ ಎತ್ತಿದೆವು. ಅಡಿಕೆ ಕೊಯ್ಯೋ ದೋಟಿ ಇದಕ್ಕೂ ಆಗುತ್ತೆ ಅಂತ ದೊಡ್ಡಪ್ಪನಿಗೆ ನಗುವೋ ನಗು. ಮೊದಲು ನೆಟ್ಟಗೆ ಕಟ್ಟಿದ್ದೆವು. ಆಗ ಬೋಸ್ ಅವರ ಪುಸ್ತಕದ ಪೋಲರೈಸರ್ ನೆನಪಾಯ್ತು. ಮೊಬೈಲ್ ಟವರಿನ ಆಂಟೆನಾಗಳು ಸಾಮಾನ್ಯವಾಗಿ ಅಲೆಯನ್ನು 45 ಡಿಗ್ರಿ ಓರೆಯಾಗಿ ಕಳಿಸುತ್ತವೆ. ನಾವೂ ಓರೆ ಮಾಡಿ ಕಟ್ಟಿದ ಮೇಲೆ ಸಂಖ್ಯೆ ಇನ್ನೊಂದಿಷ್ಟು ಏರಿ ಮೈನಸ್ 94ಕ್ಕೆ ನಿಂತಿತು. ನಡುಮನೆಯ 119ಕ್ಕೆ ಹೋಲಿಸಿದರೆ 25 ಡೆಸಿಬಲ್, ಮುನ್ನೂರು ಪಟ್ಟಿಗಿಂತ ಹೆಚ್ಚು. ಈಗ ಆ ಮನೆಯಲ್ಲಿ ವೈಫೈ ಇದೆ. ಅಮ್ಮ ಅಡುಗೆಮನೆಯಿಂದಲೇ ವಿಡಿಯೋ ಕಾಲ್ ಮಾಡುತ್ತಾರೆ. ಎರಡು ಎಚ್ಚರಿಕೆ: ಕೇಬಲ್ ಉದ್ದ ಆದಷ್ಟೂ ಗಳಿಸಿದ್ದೆಲ್ಲ ಕೇಬಲ್ಲಿನಲ್ಲೇ ಕರಗುತ್ತೆ, ಆದಷ್ಟು ಗಿಡ್ಡ ಇರಲಿ. ಗುಡುಗು ಸಿಡಿಲು ಶುರುವಾದರೆ ಕೈ ಹಾಕಲೇಬೇಡಿ, ಮೋಡ ಕಟ್ಟುವಾಗಲೇ ಕೇಬಲ್ ಕಿತ್ತಿಡಿ.

ಬೂಸ್ಟರ್ ಹಾಕಬಹುದಲ್ಲ ಅಂತ ಸುಮಾರು ಜನ ಕೇಳಿದರು. ಆನ್‌ಲೈನ್‌ನಲ್ಲಿ ಸಿಗುವ ಆ ಡಬ್ಬಗಳನ್ನು ಅನುಮತಿ ಇಲ್ಲದೆ ಹಾಕೋದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಅದಕ್ಕೆ ಕಾರಣವೂ ಇದೆ. ಅದು ನಮ್ಮ ಮನೆಯ ಗದ್ದಲವನ್ನೂ ದೊಡ್ಡದು ಮಾಡಿ ಟವರಿಗೆ ಎಸೆಯುತ್ತೆ, ಪಕ್ಕದ ಹತ್ತು ಮನೆಯವರ ಕಾಲ್ ಹಾಳಾಗುತ್ತೆ. ಬೇರೆಯವರ ಸಿಗ್ನಲ್ ಕೆಡಿಸಿ ನಮ್ಮದು ಸರಿ ಮಾಡಿಕೊಳ್ಳೋದು ಬೇಡ.

ಎರಡು ದಾರಿ

ಮತ್ತೆ ಬೋಸ್ ಹತ್ತಿರ ಬರೋಣ. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಿಎಸ್‌ಸಿ ಪದವಿ ಕೊಟ್ಟಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಉಪಕರಣ ತೋರಿಸಿದರು. ಲಾರ್ಡ್ ಕೆಲ್ವಿನ್ ಮೆಚ್ಚಿಕೊಂಡು, ಕುಂಟುತ್ತಲೇ ಮೆಟ್ಟಿಲು ಹತ್ತಿ ಅಬಲಾ ಅವರನ್ನು ಅಭಿನಂದಿಸಿದರಂತೆ. 1897ರ ಜನವರಿ 29ರ ಶುಕ್ರವಾರ ಸಂಜೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರ ಉಪನ್ಯಾಸ. ಒಂದು ಕಾಲಕ್ಕೆ ಫ್ಯಾರಡೆ ನಿಂತು ಮಾತಾಡಿದ ಜಾಗ ಅದು.

ಅದೇ ಸಮಯಕ್ಕೆ ಇಂಗ್ಲೆಂಡಿನಲ್ಲಿ ಇನ್ನೊಬ್ಬ ಹುಡುಗನೂ ಇದ್ದ. ಇಟಲಿಯಿಂದ ಬಂದಿದ್ದ ಮಾರ್ಕೋನಿ. ವಯಸ್ಸು ಇಪ್ಪತ್ತೆರಡು. ಬೋಸ್ ಮತ್ತು ಮಾರ್ಕೋನಿ ಬೇರೆ ಬೇರೆ ದಾರಿ ಹಿಡಿದರು. ಮಾರ್ಕೋನಿಗೆ ಬೇಕಿದ್ದದ್ದು ದೂರ. ಅದಕ್ಕೆ ಅಲೆಯನ್ನು ಉದ್ದ ಮಾಡುತ್ತಾ, ಕಂಬವನ್ನು ಎತ್ತರ ಮಾಡುತ್ತಾ ಹೋದ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ಸಂಕೇತ ಸಿಕ್ಕಿತು ಅಂತ ಘೋಷಿಸಿದ. ಬೋಸ್‌ಗೆ ಬೇಕಿದ್ದದ್ದು ಅಲೆಯ ಸ್ವಭಾವ. ಅದು ಬೆಳಕಿನ ಹಾಗೆ ಪ್ರತಿಫಲಿಸುತ್ತಾ, ಬಾಗುತ್ತಾ, ಯಾವ ವಸ್ತುವಿನಲ್ಲಿ ಹೋಗುತ್ತೆ, ಯಾವುದರಲ್ಲಿ ಹೋಗಲ್ಲ ಅಂತ ನೋಡೋದು. ಹಾಗಾಗಿ ರೇಡಿಯೋ ಕಂಡುಹಿಡಿದವರು ಬೋಸ್, ಮಾರ್ಕೋನಿ ಕದ್ದ ಅಂತ ವಾಟ್ಸಾಪ್‌ನಲ್ಲಿ ಬರೋ ಮೆಸೇಜನ್ನು ನಾವು ಫಾರ್ವರ್ಡ್ ಮಾಡಲ್ಲ. ಮಾರ್ಕೋನಿ ಅಟ್ಲಾಂಟಿಕ್ ಪ್ರಯೋಗದಲ್ಲಿ ಬಳಸಿದ ಪಾದರಸದ ಡಿಟೆಕ್ಟರಿಗೆ ಬೋಸ್ 1899ರಲ್ಲಿ ರಾಯಲ್ ಸೊಸೈಟಿಗೆ ಬರೆದ ಪ್ರಬಂಧವೇ ಮೂಲ ಅನ್ನುವ ವಾದ ಇದೆ, ಅದನ್ನು ಒಪ್ಪದವರೂ ಇದ್ದಾರೆ. ಆದರೆ ಬೋಸ್ ಸಂದೇಶ ಕಳಿಸುವ ವ್ಯವಸ್ಥೆ ಕಟ್ಟಲು ಹೊರಟವರೇ ಅಲ್ಲ. ಅವರ ದೊಡ್ಡತನಕ್ಕೆ ಬೇರೆಯವರನ್ನು ಕಳ್ಳ ಅನ್ನಬೇಕಾಗಿಲ್ಲ.

ಈ ಎರಡು ದಾರಿ ನಮ್ಮ ಮನೆ ನೆಟ್‌ವರ್ಕಿಗೂ ಸಂಬಂಧಪಟ್ಟದ್ದು. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. ಅದು ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಬರುತ್ತೆ, ಗೋಡೆಯೊಳಗೆ ಇಳಿಯುತ್ತೆ, ಆದರೆ ಅದರ ಮೇಲೆ ಹೊರಿಸಬಹುದಾದ ಡೇಟಾ ಕಡಿಮೆ. 3.5 ಗಿಗಾಹರ್ಟ್ಸ್ 5ಜಿ ಅಲೆ ಒಂಬತ್ತು ಸೆಂಟಿಮೀಟರಿಗಿಂತಲೂ ಗಿಡ್ಡ. ಅದು ತುಂಬಾ ಹೊರುತ್ತೆ, ಆದರೆ ಅಡಿಕೆ ತೋಟ ದಾಟುವಷ್ಟರಲ್ಲಿ ಸುಸ್ತಾಗುತ್ತೆ. ಬೋಸ್ ಆಡಿಸಿದ ಮಿಲಿಮೀಟರ್ ಅಲೆಗಳಂತೂ ಸ್ಟೇಡಿಯಂ, ರೈಲ್ವೆ ಸ್ಟೇಷನ್ನಿಗೆ ಸರಿ. ಆಗುಂಬೆ ಮಳೆಗೆ ಅಲ್ಲ. ಮನೆಯಲ್ಲಿ 5ಜಿ ಅಂತ ತೋರಿಸಿ ನೆಟ್ ಓಡದೇ ಇದ್ದರೆ ಫೋನನ್ನು 4ಜಿಗೆ ಕಟ್ಟಿಹಾಕಿ ನೋಡಿ. ಸಾಗರದ ಮನೆಯಲ್ಲಿ ಅಷ್ಟರಿಂದಲೇ ಅರ್ಧ ಸಮಸ್ಯೆ ಹೋಯ್ತು. ಇನ್ನರ್ಧ ಹೋಗಿದ್ದು ಫೈಬರ್ ಬಂದ ಮೇಲೆ. ಫೈಬರ್ ಇದ್ದು ಟವರ್ ಸಿಗದೇ ಇರೋ ಮನೆಯಲ್ಲಿ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಮಾಮೂಲಿ ನಂಬರಿಗೇ ಕಾಲ್ ಬರುತ್ತೆ. ಕರೆಂಟ್ ಹೋದಾಗ ರೂಟರ್ ನಿಲ್ಲದ ಹಾಗೆ ಒಂದು ಸಣ್ಣ ಬ್ಯಾಟರಿ ಇಡಿ.

ಬೇಡ ಅಂದ ಪೇಟೆಂಟ್

1901ರಲ್ಲಿ ಬೋಸ್ ಲಂಡನ್ನಿನಲ್ಲಿದ್ದಾಗ ಒಬ್ಬ ದೊಡ್ಡ ಕಂಪನಿಯ ಮಾಲೀಕ ಪೇಟೆಂಟ್ ಕಾಗದ ಹಿಡಿದುಕೊಂಡೇ ಬಂದ. ಬೋಸ್ ಒಪ್ಪಲಿಲ್ಲ. ತಿಳಿವಳಿಕೆಯನ್ನು ಮಾರೋದು ಅವರಿಗೆ ಸರಿ ಕಾಣಲಿಲ್ಲ. ಈ ಘಟನೆಯನ್ನು ಗೆಳೆಯ ರವೀಂದ್ರನಾಥ ಟ್ಯಾಗೋರರಿಗೆ ಪತ್ರದಲ್ಲಿ ಬರೆದು, ಹಣದ ಹಿಂದೆ ಬಿದ್ದ ಆ ಲೋಕದ ಬಗ್ಗೆ ಬೇಸರ ಪಟ್ಟರು. ಆದರೂ ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಒತ್ತಾಯ ಮಾಡಿ ಅಮೆರಿಕದಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹಾಕಿಸಿದರು. ಗೆಲೀನಾ ಹರಳಿನಿಂದ ಅಲೆ ಪತ್ತೆಹಚ್ಚುವ ಡಿಟೆಕ್ಟರ್ ಅದು. 1904ರ ಮಾರ್ಚ್ 29ರಂದು 755840 ಸಂಖ್ಯೆಯ ಪೇಟೆಂಟ್ ಸಿಕ್ಕಿತು. ನಮ್ಮ ಕಡೆಯ ಕುವೆಂಪು ಹುಟ್ಟಿದ್ದೂ ಅದೇ ವರ್ಷದ ಕೊನೆಗೆ. ಹರಳಿನ ಗುಣ ಬಳಸಿ ಅಲೆ ಹಿಡಿಯುವುದು ಅಂದ್ರೆ ಸೆಮಿಕಂಡಕ್ಟರ್ ಡಯೋಡಿನ ಅಜ್ಜ ಅನ್ನಬಹುದು. ನಾವು ಲ್ಯಾಬಿನಲ್ಲಿ ಡಯೋಡ್ ಸುಟ್ಟು ಬೈಸಿಕೊಳ್ಳುವಾಗ ಈ ಸಂಬಂಧ ಯಾರೂ ಹೇಳಿರಲಿಲ್ಲ. ಬೋಸ್ ಆ ಪೇಟೆಂಟಿನಿಂದ ದುಡ್ಡು ಮಾಡಲಿಲ್ಲ. ಅದರ ಅವಧಿ ತಾನಾಗೇ ಮುಗಿಯಲು ಬಿಟ್ಟರು.

ಇದು ಸರಿಯಾ ತಪ್ಪಾ ಅಂತ ನಮ್ಮಲ್ಲೇ ಜಗಳ ಆಯಿತು. ಒಬ್ಬರು, ಅವರು ಪೇಟೆಂಟ್ ಮಾಡಿಸಿದ್ದರೆ ಭಾರತದಲ್ಲೇ ರೇಡಿಯೋ ಉದ್ಯಮ ಬೆಳೆಯುತ್ತಿತ್ತು ಅಂದರು. ಇನ್ನೊಬ್ಬರು, ಎಲ್ಲರಿಗೂ ಸೇರಬೇಕಾದದ್ದಕ್ಕೆ ಬೇಲಿ ಹಾಕಬಾರದು ಅಂದರು. ಜಗಳ ಇನ್ನೂ ಮುಗಿದಿಲ್ಲ.

ಅಷ್ಟು ಹೊತ್ತಿಗೆ ಬೋಸ್ ಮನಸ್ಸು ಗಿಡಗಳ ಕಡೆ ಹೊರಳಿತ್ತು. ಡಿಟೆಕ್ಟರುಗಳು ತುಂಬಾ ಹೊತ್ತು ಕೆಲಸ ಮಾಡಿದರೆ ದಣಿಯುವುದನ್ನು, ಬಿಡುವು ಕೊಟ್ಟರೆ ಸುಧಾರಿಸಿಕೊಳ್ಳುವುದನ್ನು ಗಮನಿಸಿ, ಜೀವ ಇರುವುದಕ್ಕೂ ಇಲ್ಲದ್ದಕ್ಕೂ ಏನು ವ್ಯತ್ಯಾಸ ಅಂತ ಯೋಚನೆ ಹತ್ತಿತು. ನಮ್ಮ ತೋಟದ ದಾರಿಯಲ್ಲೆಲ್ಲ ಸಿಗುವ ಮುಟ್ಟಿದರೆ ಮುನಿ ಗಿಡ ಅವರ ಮುಖ್ಯ ಸಂಗಾತಿ. ಗಿಡ ಬೆಳೆಯುವುದನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಕಟ್ಟಿದರು. ಅವರ ಅಳತೆಗಳನ್ನು ಮೆಚ್ಚಿದವರಿದ್ದರು, ಅದರಿಂದ ಅವರು ತೆಗೆದ ತೀರ್ಮಾನಗಳನ್ನು ಒಪ್ಪದ ವಿಜ್ಞಾನಿಗಳೂ ಬೇಕಾದಷ್ಟು ಇದ್ದರು. ಬಂಗಾಳಿಯಲ್ಲಿ ವಿಜ್ಞಾನ ಬರೆದರು, ಒಂದು ತಲೆಎಣ್ಣೆ ಬಾಟಲಿ ಚಂಡಮಾರುತವನ್ನು ನಿಲ್ಲಿಸುವ ಕಥೆಯನ್ನೂ 1896ರಲ್ಲಿ ಬರೆದರು. 1917ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನ, ಕಲ್ಕತ್ತದಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ತೆರೆದರು. ಅಲ್ಲಿ ಕಂಡುಹಿಡಿದದ್ದಕ್ಕೆ ಪೇಟೆಂಟ್ ತೆಗೆಯಲ್ಲ, ಅದು ಎಲ್ಲರ ಆಸ್ತಿ ಅನ್ನುವುದನ್ನು ಉದ್ಘಾಟನೆ ದಿನವೇ ಸಾರಿದರು. 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಅವರು ಬದುಕಿದ್ದಾಗಲೇ ನಮ್ಮ ಕರ್ನಾಟಕದಲ್ಲೂ ಅಲೆ ಹರಡಲು ಶುರುವಾಯಿತು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದಕ್ಕೆ ಬಂದ ಹೆಸರು ಆಕಾಶವಾಣಿ. ಅದಾಗಿ ಎರಡು ವರ್ಷಕ್ಕೆ, 1937ರ ನವೆಂಬರ್ 23ರಂದು, ಗಿರಿಡೀಹ್‌ನಲ್ಲಿ ಬೋಸ್ ತೀರಿಕೊಂಡರು. 2012ರಲ್ಲಿ ಐಇಇಇ ಸಂಸ್ಥೆ ಅವರ ಮಿಲಿಮೀಟರ್ ಅಲೆಯ ಪ್ರಯೋಗಗಳನ್ನು ಮೈಲಿಗಲ್ಲು ಅಂತ ಗುರುತಿಸಿತು.

ಮೂರನೇ ಮನೆ

ಸಾಗರದ ಮನೆ ಸರಿಹೋಯ್ತು, ಹೊಸನಗರದ್ದೂ ಆಯ್ತು. ತೀರ್ಥಹಳ್ಳಿಯ ಮನೆ? ಅಲ್ಲಿ ನಾವು ಸೋತೆವು. ದೋಟಿ ಎತ್ತಿದೆವು, ಆಂಟೆನಾ ಓರೆ ಮಾಡಿದೆವು, ಮರ ಹತ್ತಿದೆವು. ಸಂಖ್ಯೆ ಮೈನಸ್ 120ರ ಮೇಲೆ ಬರಲೇ ಇಲ್ಲ. ಮನೆಗೂ ಟವರಿಗೂ ನಡುವೆ ಒಂದು ಇಡೀ ಗುಡ್ಡ ಕೂತಿದೆ. ಆಷಾಢದ ರಾತ್ರಿ ಅಜ್ಜನಿಗೆ ಎದೆನೋವು ಬಂದದ್ದು ಈ ಮನೆಯಲ್ಲೇ.

ಬೋಸ್ ಅಲೆ ಗೋಡೆ ದಾಟಿತು, ಮನುಷ್ಯನ ಮೈ ದಾಟಿತು, ಗುಡ್ಡ ದಾಟಲಿಲ್ಲ. ಅಳೆದು ನೋಡಿದ್ದಕ್ಕೆ ನಮಗೆ ಇಷ್ಟಂತೂ ಖಾತ್ರಿಯಾಯ್ತು: ಇದು ಫೋನಿನ ತಪ್ಪಲ್ಲ, ಸಿಮ್ಮಿನ ತಪ್ಪಲ್ಲ, ಮನೆಯವರ ದಡ್ಡತನವೂ ಅಲ್ಲ. ಇಲ್ಲಿಗೆ ಟವರೇ ಬರಬೇಕು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಅರವತ್ತು ವರ್ಷ ದಾಟಿತು. ನಾಡಿಗೆ ಕರೆಂಟ್ ಕೊಡೋಕೆ ಮನೆ ಜಮೀನು ಬಿಟ್ಟವರ ಊರುಗಳಲ್ಲೇ ಮೊನ್ನೆ ಮೊನ್ನೆ ತನಕ ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಅನ್ನುವ ಅಭಿಯಾನ ನಡೆಯಬೇಕಾಯಿತು. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆದರೆ ನಕ್ಷೆಯ ಮೇಲೆ ಸಿಗ್ನಲ್ ಇದೆ ಅಂತ ಬಣ್ಣ ಬಳಿದಿರೋ ಊರಿನ ಒಳಗೇ ನಮ್ಮದರಂಥ ಮನೆಗಳು ಇವೆ.

ಹಾಗಾಗಿ ಈ ಸಲ ನಾವು ಬೋಸ್ ಮಾಡಿದ್ದನ್ನೇ ಮಾಡಿದೆವು. ಅಕ್ಕಪಕ್ಕದ ಹದಿನಾಲ್ಕು ಮನೆಗಳಲ್ಲಿ ನಡುಮನೆ, ಜಗಲಿ, ಅಂಗಳ ಅಂತ ಮೂರು ಕಡೆ ಅಳೆದು, ದಿನ, ಸಮಯ, ಕಂಪನಿ ಎಲ್ಲಾ ಬರೆದು ಒಂದು ಪಟ್ಟಿ ಮಾಡಿದೆವು. ನೆಟ್‌ವರ್ಕ್ ಇಲ್ಲ ಅಂತ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಮೈನಸ್ 124 ಅಂತ ನಲವತ್ತೆರಡು ಸಾಲು ಬರೆದು ಕೊಟ್ಟರೆ ಓದಲೇಬೇಕಾಗುತ್ತೆ. ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದೇವೆ. ಗ್ರಾಮಸಭೆಯಲ್ಲಿ ಓದಿದ್ದಾರೆ, ಠರಾವು ಆಗಿದೆ. ಟವರ್ ಇನ್ನೂ ಬಂದಿಲ್ಲ.

ಅಷ್ಟರ ತನಕ ಅಜ್ಜನ ಮನೆಗೂ ಪಕ್ಕದ ಜೀಪಿನವರ ಮನೆಗೂ ನಡುವೆ ತಂತಿ ಎಳೆದು ಒಂದು ಕರೆಗಂಟೆ ಕಟ್ಟಿದ್ದೇವೆ. ಇಲ್ಲಿ ಒತ್ತಿದರೆ ಅಲ್ಲಿ ಹೊಡೆಯುತ್ತೆ. ಬೋಸ್ ತಂತಿ ಇಲ್ಲದೆ ಗಂಟೆ ಹೊಡೆಸಿ ನೂರಾಮೂವತ್ತು ವರ್ಷ ಆಯಿತು, ನಾವು ತಂತಿ ಎಳೆದಿದ್ದೇವೆ. ನಾಚಿಕೆ ಏನೂ ಇಲ್ಲ. ಅಜ್ಜ ದಿನಾ ಸಂಜೆ ಒಂದು ಸಲ ಒತ್ತಿ ಪರೀಕ್ಷೆ ಮಾಡುತ್ತಾರೆ.

ನಿಮ್ಮೂರಲ್ಲೂ ಇಂಥ ಮನೆ ಇದ್ದರೆ ಮುಂದಿನ ರಜೆಗೆ ಪೆನ್ನು, ಪುಸ್ತಕ, ಒಂದು ದೋಟಿ ರೆಡಿ ಇಟ್ಟುಕೊಳ್ಳಿ. ಅಳೆದ ಪಟ್ಟಿಯನ್ನು ನಮ್ಮ ಕನ್ನಡ ಸಂಘಕ್ಕೂ ಕೊಡಿ, ಎಲ್ಲಾ ಸೇರಿಸಿ ಒಂದೇ ನಕ್ಷೆ ಮಾಡೋಣ.